ಕೆಂಪು ಪಿಕಪ್ಪಿನ ಬೆಲೆ

ಕಂತು ಏಳು

"ಒತ್ತಬೇಡಿ. ಇನ್ನೂ ಒತ್ತಬೇಡಿ. ಬರೆದು ಹಾಗೇ ಇಟ್ಕೊಳ್ಳಿ."

ಪರದೆಯ ಮೇಲೆ ತರಬೇತಿ ನಡೆಸುವ ಟೆಸ್ ಅಬರ್ನಾಥಿ ಎರಡೂ ಕೈ ಎತ್ತಿ ತಡೆಯುತ್ತಿದ್ದಳು. ಕಳೆದ ಗುರುವಾರದ ರೆಕಾರ್ಡಿಂಗ್ ಅದು. ನೆಬ್ರಾಸ್ಕಾದ ಉದ್ದಗಲಕ್ಕೂ ಅರವತ್ತೊಂದು ಜನ ಹಣಕಾಸು ಪಾಠದ ಟೀಚರುಗಳು ತಮ್ಮ ತಮ್ಮ ಖಾಲಿ ಕ್ಲಾಸಿನಲ್ಲಿ ಕೂತು, ಉತ್ತರ ಬರೆದಿಟ್ಟು, ಅವಳ ಮಾತಿಗೆ ಕಾಯುತ್ತಿದ್ದರು.

"ಮೂರು, ಎರಡು, ಒಂದು... ಬಿಡಿ!"

ಬಲಬದಿಯಲ್ಲಿ ಉತ್ತರಗಳು ಒಂದರ ಮೇಲೊಂದು ಸುರಿದವು. ಇದಕ್ಕೆ ಅವರು ಜಲಪಾತ ಅನ್ನುತ್ತಾರೆ. ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಹೊಡೆಯಬಾರದೆಂದು ಮಕ್ಕಳಿಗಾಗಿ ಮಾಡಿದ ಉಪಾಯ. ಈಗ ಟೀಚರುಗಳ ತರಬೇತಿಗೂ ಬಂದಿದೆ, ಅಂದರೆ ನಕಲು ಹೊಡೆಯುವ ಚಟ ಯಾರನ್ನೂ ಬಿಟ್ಟಿಲ್ಲ ಅಂತ ಅರ್ಥ.

ಮೇಲಿಂದ ಹದಿನೇಳನೆಯ ಸಾಲು. ವೆರ್ಲೀನ್ ಹ್ರುಸ್ಕಾ. ಸಂಜೆ ನಾಲ್ಕು ಗಂಟೆ ಮೂವತ್ತೆಂಟು ನಿಮಿಷ.

ಆ ಒಂದು ಸಾಲಿನಿಂದಾಗಿ ಶಾಲೆಯ ಜವಾನ ಡುವೇನ್ ಸ್ಟೆಲ್ ಕೌಂಟಿ ಜೈಲಿನಲ್ಲಿದ್ದ. ಹ್ರುಸ್ಕಾ ಟೀಚರ್ ತಮ್ಮದೇ ಕೋಣೆಯಲ್ಲಿ, ತಮಗೇ ಕೊಟ್ಟ 'ವರ್ಷದ ಶಿಕ್ಷಕಿ' ಪ್ರಶಸ್ತಿಯ ಕಲ್ಲಿನ ಫಲಕದ ಏಟಿಗೆ ಸತ್ತು ಬಿದ್ದದ್ದನ್ನು ಐದೂ ಹತ್ತಕ್ಕೆ ಮೊಟ್ಟಮೊದಲಿಗೆ ಕಂಡವನು ಅವನು. ನಾಲ್ಕೂ ಇಪ್ಪತ್ತರವರೆಗೆ ಅವನು ಬ್ಯಾಂಡ್ ಮಾಸ್ತರರ ಜೊತೆ ಮೈದಾನದಲ್ಲಿ ಗೆರೆ ಬಳಿಯುತ್ತಿದ್ದ. ಆಮೇಲೆ ಕಟ್ಟಡದೊಳಗೆ ಇದ್ದವನು ಅವನೊಬ್ಬನೇ. ಉಳಿದವರೆಲ್ಲ ಪಕ್ಕದ ಊರಿಗೆ ವಾಲಿಬಾಲ್ ಪಂದ್ಯಕ್ಕೆ ಹೋಗಿದ್ದರು. ಟೀಚರ್ ನಾಲ್ಕೂ ಮೂವತ್ತೆಂಟಕ್ಕೆ ಬದುಕಿದ್ದರು ಅಂದಮೇಲೆ ಬೇರೆ ಯಾರನ್ನು ಹಿಡಿಯುವುದು?

ಕೋಳ ತೊಡಿಸಿದವಳು ನಾನೇ. ಮಾರ್ವಾ ಜೌಬೆಕ್, ಷರೀಫರ ಕಚೇರಿಯ ತನಿಖಾಧಿಕಾರಿ. ಡುವೇನ್ ಬೈಯಲಿಲ್ಲ, ಅಳಲಿಲ್ಲ. "ಕಾರಿಡಾರು ಇನ್ನೂ ಒದ್ದೆ ಇದೆ, ಮಾರ್ವಾ. ಮಕ್ಕಳು ಜಾರ್ತಾವೆ, ಯಾರಿಗಾದ್ರೂ ಹೇಳು" ಎಂದಷ್ಟೇ ಹೇಳಿದ. ಮೂರು ದಿನದಿಂದ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಇವತ್ತು ಸೋಮವಾರ. ಮಧ್ಯಾಹ್ನ ಒಂದೂವರೆಗೆ ಅವನನ್ನು ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ಈಗ ಬೆಳಿಗ್ಗೆ ಒಂಬತ್ತೂ ಕಾಲು.

"ಇನ್ನೊಮ್ಮೆ ಹಾಕ್ಲಾ?" ಟೆಸ್ ಕೇಳಿದಳು. ಲಿಂಕನ್ ನಗರದ ತನ್ನ ಮನೆಯಿಂದ ಅವಳು ನನ್ನ ಜೊತೆ ವೀಡಿಯೊ ಕರೆಯಲ್ಲಿದ್ದಳು. ನಾನು ಕೂತದ್ದು ಟೀಚರ್ ಸತ್ತ ಕೋಣೆಯಲ್ಲಿ, ಶಾಲೆಯ ಕಂಪ್ಯೂಟರಿನ ಎದುರು. ಪರದೆಯ ಮೂಲೆಯಲ್ಲಿ ಕರೆಯಲ್ಲಿರುವವರು ಮೂವರು ಎಂದಿತ್ತು. ರೆಕಾರ್ಡಿಂಗನ್ನೂ ಒಂದು ತಲೆ ಅಂತ ಎಣಿಸುತ್ತೇನೋ ಅಂದುಕೊಂಡೆ.

"ಬೇಡ. ಪ್ರಶ್ನೆ ಏನಿತ್ತು?"

"ನಿಮ್ಮ ಜೀವನದಲ್ಲಿ ದುಡ್ಡಿನ ವಿಷಯದಲ್ಲಿ ಮಾಡಿದ ಮೊದಲ ತಪ್ಪು ಯಾವುದು ಅಂತ."

ನಾನು ಹದಿನೇಳನೆಯ ಸಾಲನ್ನು ಗಟ್ಟಿಯಾಗಿ ಓದಿದೆ. "'ಮೊದಲ ಸಂಬಳದಲ್ಲಿ ಒಂಬೈನೂರು ಡಾಲರ್ ಕೊಟ್ಟು ಕೆಂಪು ಪಿಕಪ್ ಕೊಂಡೆ. ಬಾನೆಟ್ ಎತ್ತಿ ನೋಡಲಿಲ್ಲ. ಇಂಜಿನ್ ಹನ್ನೊಂದು ದಿನ ಬಾಳಿತು.'"

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಈ ಕತೆ ಗೊತ್ತಿಲ್ಲದವರು ನಮ್ಮೂರಲ್ಲಿ ಯಾರಿದ್ದಾರೆ? ಮೂವತ್ತೆಂಟು ವರ್ಷ, ಪ್ರತಿ ಆಗಸ್ಟ್‌ನ ಪಾಠದ ಮೊದಲ ದಿನ ಟೀಚರ್ ಇದನ್ನೇ ಹೇಳುತ್ತಿದ್ದರು. ನಾನೂ ಕೇಳಿದವಳೇ. ನನ್ನ ಮದುವೆಗೆ ಅವರು ಬೆರಳುದ್ದದ ಒಂದು ಕೆಂಪು ಆಟಿಕೆ ಪಿಕಪ್ ಕೊಟ್ಟಿದ್ದರು. ಬೆಲೆಯ ಚೀಟಿ ಅಂಟಿಸಿ, "ಇದಕ್ಕಿಂತ ಹೆಚ್ಚು ಕೊಡಬೇಡಿ" ಎಂದು ಬರೆದಿದ್ದರು. ಇಪ್ಪತ್ತು ವರ್ಷದಿಂದ ಅದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ನಿಂತಿದೆ.

ಟೆಸ್ ನಗಲಿಲ್ಲ. ಅವಳ ಮುಖ ಇಳಿದುಹೋಗಿತ್ತು.

"ಮೇಡಂ, ಇದು ವೆರ್ಲೀನ್ ಬರೆದದ್ದಲ್ಲ."

"ಏನಂದ್ರಿ?"

"ಗುರುವಾರ ಸಾಲುಗಳು ಸರಸರ ಮೇಲಕ್ಕೆ ಹೋಗ್ಬಿಟ್ವು, ನಾನು ಒಂದೊಂದಾಗಿ ಓದ್ಲಿಲ್ಲ. ಈಗ ನೀವು ಓದಿದ್ರಿಂದ ಗೊತ್ತಾಯ್ತು. ಪಿಕಪ್ ಅನ್ನೋದೇ ಸುಳ್ಳು. ವೆರ್ಲೀನ್ ಯಾವತ್ತೂ ಪಿಕಪ್ ಕೊಂಡಿಲ್ಲ."

ನಾನು ನೋಟ್ ಪುಸ್ತಕ ತೆರೆದು ಪೆನ್ನು ತೆಗೆದೆ.

"ನಮ್ಮ ತರಬೇತಿಯಲ್ಲಿ ಒಂದು ಪದ್ಧತಿ ಇದೆ," ಟೆಸ್ ಹೇಳಿದಳು. "ಜೂನ್ ತಿಂಗಳ ತರಬೇತಿಯ ಮೊದಲನೇ ದಿನ ಪ್ರತಿಯೊಬ್ಬ ಟೀಚರೂ ತಾವು ಕ್ಲಾಸಲ್ಲಿ ಹೇಳೋ ಸುಳ್ಳನ್ನ ಒಪ್ಕೋಬೇಕು. ಎಲ್ಲರ ಹತ್ರಾನೂ ಒಂದೊಂದು ಇರುತ್ತೆ. ನಂದು ಕ್ರೆಡಿಟ್ ಕಾರ್ಡಲ್ಲಿ ಕೊಂಡ ಕುದುರೆ. ಮಕ್ಕಳಿಗೆ ನಿಜ ಬೇಜಾರು, ಕತೆ ಬೇಕು. ವೆರ್ಲೀನ್ ಪಿಕಪ್ ಕತೆ ಹೇಳಿ ನಮ್ಮನ್ನೆಲ್ಲ ನಗಿಸಿ, ಆಮೇಲೆ ನಿಜ ಹೇಳಿದ್ರು. ತಮ್ಮನ ಸಾಲಕ್ಕೆ ಜಾಮೀನು ಹಾಕಿದ್ದು. ತಮ್ಮ ಊರು ಬಿಟ್ಟ, ಇವ್ರು ಒಂಬತ್ತು ವರ್ಷ ಕಟ್ಟಿದ್ರು. ಅದನ್ನ ಕ್ಲಾಸಲ್ಲಿ ಒಂದು ದಿನಾನೂ ಹೇಳಿಲ್ವಂತೆ. ನಮ್ಮ ಮುಂದೆ ಮತ್ತೆ ಪಿಕಪ್ ಅಂತ ಅವ್ರು ಯಾಕೆ ಬರೀತಾರೆ? ನಮ್ಮ ಅರವತ್ತು ಜನಕ್ಕೂ ಅದು ಸುಳ್ಳು ಅಂತ ಗೊತ್ತು."

ಅಂದರೆ ಟೀಚರ್ ಸತ್ತದ್ದು ಅದಕ್ಕೂ ಮೊದಲು, ಡುವೇನ್ ಮೈದಾನದಲ್ಲಿದ್ದಾಗಲೇ ಇರಬಹುದು. ಹಾಗಾದರೆ ಆ ಸಾಲು ಬರೆದವನು ಟೀಚರುಗಳ ನಡುವೆ ಕೂತವನಲ್ಲ. ಟೀಚರರ ಎದುರು ಬೆಂಚಿನಲ್ಲಿ ಕೂತು ಕತೆ ನಂಬಿದವನು. ಅವರ ಹೆಣವನ್ನು ಪಕ್ಕದಲ್ಲಿಟ್ಟುಕೊಂಡು, ಟೆಸ್ 'ಬಿಡಿ' ಅನ್ನುವ ತನಕ ತಾಳ್ಮೆಯಿಂದ ಕಾದು ಕೂತಿದ್ದ ಪಾಪಿ.

"ಕ್ಯಾಮೆರಾ?"

"ಸಂಜೆ ನಾಲ್ಕಕ್ಕೆ ಯಾವ ಟೀಚರ್ ಕ್ಯಾಮೆರಾ ಹಾಕ್ತಾರೆ ಹೇಳಿ? ಎಲ್ಲಾ ಉತ್ತರಪತ್ರಿಕೆ ತಿದ್ದುತಾ ಕೂತಿರ್ತಾರೆ. ವೆರ್ಲೀನ್ ಫೋಟೋ ಒಂದೇ ಕಾಣ್ತಿತ್ತು." ಅವಳು ಗಂಟಲು ಸರಿ ಮಾಡಿಕೊಂಡಳು. "ಇನ್ನೊಂದು ವಿಷಯ. ಗುರುವಾರ ಕೊನೆಗೆ ನಂಗೆ ಐದು ನಿಮಿಷ ಕೊಡು ಅಂತ ಅವ್ರು ಬುಧವಾರ ಕೇಳಿದ್ರು. ಎಲ್ಲರಿಗೂ ಎಚ್ಚರಿಕೆ ಹೇಳ್ಬೇಕು ಅಂದ್ರು. ಕೊನೆಗೆ ಕರೆದ್ರೆ ಮಾತೇ ಆಡ್ಲಿಲ್ಲ."

"ಯಾವುದರ ಬಗ್ಗೆ?"

"ಆನ್‌ಲೈನ್ ಅತಿಥಿ ಭಾಷಣಗಳ ಬಗ್ಗೆ. ಬ್ಯಾಂಕಿನವ್ರು, ವಿಮೆಯವ್ರು ಬಂದು ಮಕ್ಕಳ ಜೊತೆ ಮಾತಾಡ್ತಾರಲ್ಲ, ಆಗ ಮಕ್ಕಳು ಮನೆ ವಿಷಯ ಎಲ್ಲಾ ಹೇಳ್ಬಿಡ್ತಾವೆ. ಅಜ್ಜಿ ಹೆಸರಲ್ಲಿ ಎಷ್ಟಿದೆ, ಯಾವ ಬ್ಯಾಂಕು, ಎಲ್ಲಾ. ಒಂದೆರಡು ವಾರ ಆದ್ಮೇಲೆ ಆ ಅಜ್ಜಿಗೇ ಫೋನ್ ಬರುತ್ತೆ. ಮೊಮ್ಮಗನ ಹೆಸರು, ನಾಯಿ ಹೆಸರು ಸಮೇತ ಹೇಳ್ತಾರೆ. ನಿಮ್ಮೂರಲ್ಲೇ ಮೂರು ಮನೆಯವರ ದುಡ್ಡು ದೋಚಿದ್ದಾರೆ. ವೆರ್ಲೀನ್ ತಲೆ ಎಣಿಸಿ ನೋಡಿದ್ರು. ಪ್ರತಿ ಭಾಷಣದಲ್ಲೂ ಒಬ್ಬ ಹೆಸರಿಲ್ಲದವನು ಜಾಸ್ತಿ ಇರ್ತಿದ್ದ, ಕೇಳಿಸ್ಕೊಳ್ಳೋಕೆ."

ನನ್ನ ಕಣ್ಣು ತಾನಾಗಿ ಪರದೆಯ ಮೂಲೆಗೆ ಹೋಯಿತು.

ಇಬ್ಬರು ಎಂದಿತ್ತು.

"ಟೆಸ್, ಈಗ ಇಲ್ಲಿ ಮೂರು ಅಂತ ಇತ್ತಲ್ಲ?"

"ನಾನು ನೋಡ್ಲಿಲ್ಲ ಮೇಡಂ."

ಅವಳ ದನಿ ಸಣ್ಣಗಾಯಿತು. ನಾನು ತಟ್ಟನೆ ಕರೆ ಮುಗಿಸಿದೆ.

*

ಪ್ರಿನ್ಸಿಪಾಲ್ ಗ್ರಾಂಟ್ ಸೆಡ್ಲಾಚೆಕ್ ನನಗಿಂತ ಆರು ವರ್ಷ ಚಿಕ್ಕವನು, ಇದೇ ಶಾಲೆಯಲ್ಲಿ ಓದಿದವನು. ಯಾವ ಅತಿಥಿ ಯಾವ ಕ್ಲಾಸಿಗೆ ಬರಬೇಕೆಂದು ಸಹಿ ಹಾಕುವವನೂ ಅವನೇ. ನಾನು ಬಾಗಿಲು ತಟ್ಟದೆ ಒಳಗೆ ಹೋದೆ.

"ಗುರುವಾರ ಮೂರೂ ನಲ್ವತ್ತಕ್ಕೆ ಹೊರಟೆ ಅಂದಿದ್ದೆ, ಗ್ರಾಂಟ್."

"ಹೌದು. ಪಂದ್ಯಕ್ಕೆ."

"ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ನಿನ್ನ ಗಾಡಿ ದಾಟಿದ್ದು ನಾಲ್ಕೂ ಇಪ್ಪತ್ತೈದಕ್ಕೆ. ಬಂಕು ಇಲ್ಲಿಂದ ಎರಡು ನಿಮಿಷ."

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. "ಗಾಡಿಯಲ್ಲೇ ಕೂತಿದ್ದೆ. ಪಾರ್ಕಿಂಗ್‌ನಲ್ಲಿ."

"ಮುಕ್ಕಾಲು ಗಂಟೆ? ಏನು ಪ್ರಾರ್ಥನೆ ಮಾಡ್ತಿದ್ಯಾ?"

"ವ್ಯಂಗ್ಯ ಬೇಡ ಮಾರ್ವಾ."

"ನನಗೂ ಬೇಡ. ಒಂದೂವರೆಗೆ ಒಬ್ಬ ಬಡಪಾಯಿನ ಜಡ್ಜ್ ಮುಂದೆ ನಿಲ್ಲಿಸ್ತಾರೆ. ನಿಜ ಹೇಳು."

"ಶಾಲಾ ಮಂಡಳಿಯವರ ಹತ್ರ ಫೋನಲ್ಲಿದ್ದೆ," ಅವನು ಕಡೆಗೂ ಬಾಯಿ ಬಿಟ್ಟ. "ಬುಧವಾರ ಟೀಚರ್ ಬಂದು ಆ ಹೆಸರಿಲ್ಲದವನ ವಿಷಯ ಹೇಳಿದ್ರು. ನವೆಂಬರಲ್ಲಿ ಹೊಸ ಕಟ್ಟಡಕ್ಕೆ ದುಡ್ಡು ಸಿಗೋಕೆ ಊರಿನವರು ಓಟು ಹಾಕ್ಬೇಕು. ಶಾಲೆಯಿಂದಲೇ ಅಜ್ಜಿಯರ ದುಡ್ಡು ಹೋಯ್ತು ಅಂತ ಗೊತ್ತಾದ್ರೆ ಒಂದು ಓಟು ಬೀಳುತ್ತಾ? ಒಂದು ತಿಂಗಳು ಸುಮ್ಮನಿರಿ ಟೀಚರ್ ಅಂತ ಕೈ ಮುಗಿದೆ. ಅವರು ನನ್ನನ್ನ ಒಂದು ಥರಾ ನೋಡಿದ್ರು. ನಾನು ಒಂಬತ್ತನೇ ಕ್ಲಾಸಲ್ಲಿ ಹೋಮ್‌ವರ್ಕ್ ಮಾಡದೆ ಬಂದಾಗ ನೋಡ್ತಿದ್ರಲ್ಲ, ಹಾಗೆ."

ಅವನ ಕಣ್ಣು ಕೆಂಪಾಗಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಒಂದು ತಿಂಗಳು ಬಾಯಿ ಮುಚ್ಚಿಸಲು ಹೋದವನು, ಅವರ ಬಾಯಿ ಶಾಶ್ವತವಾಗಿ ಮುಚ್ಚಿದಮೇಲೆ ಮೂರು ದಿನ ತನ್ನ ಬಾಯಿಗೂ ಬೀಗ ಹಾಕಿಕೊಂಡಿದ್ದ.

"ದಾರೀಲಿ ಗಾಡಿ ನಿಲ್ಲಿಸಿ, ಫೋನಿಂದ ಆ ಸಾಲು ನೀನೇ ಬರೆದ್ಯಾ?" ನಾನು ನೇರವಾಗಿ ಕೇಳಿದೆ. "ಪಿಕಪ್ ಕೊಂಡೆ ಅನ್ನೋ ಸಾಲು. ಟೀಚರ್ ಸತ್ತ ಮೇಲೆ ಯಾರೋ ಅವರ ಹೆಸರಲ್ಲಿ ಬರೆದಿದ್ದು. ಒಂಬೈನೂರು ಡಾಲರ್, ಹನ್ನೊಂದು ದಿನ."

"ಒಂಬೈನೂರಾ?" ಗ್ರಾಂಟ್ ಹುಬ್ಬು ಗಂಟಿಕ್ಕಿದ. "ಸಾವಿರದ ಐವತ್ತಲ್ವಾ?"

"ಒಂಬೈನೂರು. ನಾನು ಕಿವಿಯಾರೆ ಕೇಳಿದ್ದೀನಿ."

"ನಾನೂ ಕಿವಿಯಾರೆ ಕೇಳಿದ್ದು! ಸಾವಿರದ ಐವತ್ತು. ಆ ಐವತ್ತನ್ನ ಅಮ್ಮನ ಹತ್ರ ಇಸ್ಕೊಂಡೆ ಅಂತಿದ್ರು."

ತೆರೆದ ಬಾಗಿಲಿನಾಚೆಯಿಂದ ಗುಮಾಸ್ತೆ ನಾರ್ಮಾ ಕೂಗಿದಳು. "ಇಬ್ಬರದೂ ತಪ್ಪು! ಆರುನೂರ ಐವತ್ತು. ನಾನು ಎಂಬತ್ತೊಂಬತ್ತರ ಬ್ಯಾಚು, ನನಗೆ ಹೇಳ್ಕೊಡ್ಬೇಡಿ."

"ಈಗಿನ ಮಕ್ಕಳಿಗೆ ಎಷ್ಟು ಅಂತ ಹೇಳ್ತಿದ್ರು, ನಾರ್ಮಾ?" ನಾನು ಕೂಗಿ ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು.

"ನನ್ನ ಮೊಮ್ಮಗಳು ಮೂರು ಸಾವಿರದ ಇನ್ನೂರು ಅಂತಾಳೆ. ಅದಕ್ಕೆ ಅಂದೆ, ಆ ಹುಡುಗಿಗೆ ಕಿವಿ ಸರಿಯಿಲ್ಲ ಅಂತ."

ಹುಡುಗಿಯ ಕಿವಿ ಸರಿಯಾಗೇ ಇತ್ತು. ಟೀಚರ್ ಪ್ರತಿ ವರ್ಷ ಬೆಲೆ ಏರಿಸುತ್ತಿದ್ದರು. ಸಾಮಾನಿನ ಬೆಲೆ ಏರಿದ ಹಾಗೆ ಕತೆಯ ಬೆಲೆಯನ್ನೂ ಏರಿಸದಿದ್ದರೆ ಅವರು ಎಂಥ ಹಣಕಾಸಿನ ಟೀಚರ್?

ನಾನು ಎದ್ದೆ. ಗ್ರಾಂಟ್ ತಡೆದ.

"ಮಾರ್ವಾ, ನಾನು ಪೂರ್ತಿ ಸುಮ್ಮನಿರಲಿಲ್ಲ. ಆ ಕಳ್ಳ ಹೇಗೆ ಒಳಗೆ ಬರ್ತಾನೆ, ಪತ್ತೆ ಮಾಡು ಅಂತ ಬುಧವಾರವೇ ಹೇಳಿದ್ದೆ. ಗುರುವಾರ ಟೀಚರ್ ಎಲ್ಲರ ಮುಂದೆ ಹೇಳೋರಿದ್ದಾರೆ, ಅಷ್ಟರೊಳಗೆ ನೋಡು ಅಂತ."

"ಯಾರಿಗೆ?"

"ಇನ್ಯಾರಿಗೆ? ಲೈಲ್‌ಗೆ. ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ."

ಲೈಲ್ ನನ್ನ ಗಂಡ. ಈ ಜಿಲ್ಲೆಯ ನಾಲ್ಕೂ ಶಾಲೆಗಳ ಕಂಪ್ಯೂಟರು ನೋಡಿಕೊಳ್ಳುವವನು. ಶುಕ್ರವಾರ ಬೆಳಿಗ್ಗೆ ಆ ರೆಕಾರ್ಡಿಂಗ್ ತೆಗೆದುಕೊಟ್ಟು, ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟು, "ನೋಡು ಕಣೇ, ನಾಲ್ಕೂ ಮೂವತ್ತೆಂಟಕ್ಕೆ ಬದುಕಿದ್ರು" ಎಂದವನು ಅವನೇ.

"ಹೂಂ, ಹೇಳಿದ್ದ," ಎಂದು ಸುಳ್ಳು ಹೇಳಿ ಹೊರಗೆ ಬಂದೆ.

*

ಟೀಚರರ ಕೋಣೆಯಲ್ಲಿ ಅವರ ಪಾಠದ ಕಡತಗಳು ಕಿಟಕಿಯ ಕೆಳಗಿನ ಕಪಾಟಿನಲ್ಲಿ ಸಾಲಾಗಿದ್ದವು, ವರ್ಷಕ್ಕೊಂದು. ನಾನು ಹಳೆಯ ತುದಿಯಿಂದ ತೆಗೆಯುತ್ತ ಹೋದೆ. ಪ್ರತಿಯೊಂದರ ಮೊದಲ ಹಾಳೆಯ ಮೇಲೆ, ಮೂಲೆಯಲ್ಲಿ, ಪೆನ್ಸಿಲ್ಲಿನಲ್ಲಿ ಒಂದೇ ಒಂದು ಅಂಕಿ. ಎಂಬತ್ತೊಂಬತ್ತರಲ್ಲಿ ಆರುನೂರ ಐವತ್ತು. ಎರಡು ಸಾವಿರದ ಮೂರರಲ್ಲಿ ಸಾವಿರದ ಐವತ್ತು. ಕೋವಿಡ್ ಆದಮೇಲೆ ಹಳೆಯ ಗಾಡಿಗಳ ಬೆಲೆ ಆಕಾಶಕ್ಕೇರಿದ ವರ್ಷ ಒಂದೇ ಏಟಿಗೆ ಎಂಟುನೂರು ಏರಿಸಿದ್ದರು.

ಒಂದು ಅಂಕಿಯೂ ಎರಡು ಸಲ ಬಂದಿರಲಿಲ್ಲ.

ಒಂಬೈನೂರು ಇದ್ದದ್ದು ಒಂದೇ ಕಡತದಲ್ಲಿ. ಸಾವಿರದ ಒಂಬೈನೂರ ತೊಂಬತ್ತೇಳು. ನನ್ನ ವರ್ಷ.

ಆಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ಆ ಸಾಲನ್ನು ಶುಕ್ರವಾರ ಓದಿದಾಗ ನನಗೆ ಯಾವ ಅನುಮಾನವೂ ಬರಲಿಲ್ಲ ಏಕೆಂದರೆ ಅದು ನಾನು ಕೇಳಿದ ಕತೆಯೇ ಆಗಿತ್ತು. ಬೇರೆ ಯಾವ ಅಧಿಕಾರಿ ಇದ್ದರೂ ಬೆಲೆ ಎಲ್ಲೋ ತಪ್ಪಿದೆ ಅನ್ನುತ್ತಿದ್ದರೋ ಏನೋ. ನನ್ನ ಕಿವಿಯನ್ನು ನಂಬಿ ಡುವೇನ್‌ಗೆ ಕೋಳ ತೊಡಿಸಿದ್ದೆ. ಅವನು ಈ ಊರಿಗೆ ಬಂದು ಏಳೇ ವರ್ಷ. ಈ ಬೆಲೆ ಅವನ ಕಿವಿಗೆ ಬೀಳಲು ಸಾಧ್ಯವೇ ಇರಲಿಲ್ಲ.

ಇನ್ನೊಂದು ನೆನಪಾಯಿತು. ಮದುವೆಯ ಆಟಿಕೆಗೆ ಅಂಟಿಸಿದ ಚೀಟಿಯಲ್ಲೂ ಒಂಬೈನೂರು ಎಂದೇ ಇತ್ತು. ಎಂಟು ವರ್ಷ ಕಳೆದಿದ್ದರೂ ಯಾವ ಮಕ್ಕಳಿಗೆ ಯಾವ ಬೆಲೆ ಹೇಳಿದ್ದೆ ಎಂದು ಅವರು ನೆನಪಿಟ್ಟಿದ್ದರು. ಅಷ್ಟು ಪ್ರೀತಿಯಿಂದ ನಮ್ಮನ್ನು ನೆನಪಿಟ್ಟವರನ್ನು ನಮ್ಮವನೇ ಒಬ್ಬ ಹೊಡೆದು ಕೊಂದಿದ್ದ.

ಹಾಜರಿ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರು. ಊರಲ್ಲೇ ಉಳಿದವರು ನಾಲ್ವರು. ಕರ್ಟ್ ಬೋಹಾಚ್ ಸೊಂಟ ಮುರಿದುಕೊಂಡು ಎರಡು ವಾರದಿಂದ ಒಮಾಹಾದ ಆಸ್ಪತ್ರೆಯಲ್ಲಿದ್ದಾನೆ. ಡಾರ್ಲಾ ಗುರುವಾರ ಮಕ್ಕಳ ಬಸ್ಸು ಓಡಿಸಿಕೊಂಡು ಪಂದ್ಯಕ್ಕೆ ಹೋಗಿದ್ದಳು. ಮೂರನೆಯವಳು ನಾನು.

ಪಟ್ಟಿ ಅಕ್ಷರದ ಕ್ರಮದಲ್ಲಿತ್ತು. ಝಡ್ ಅಕ್ಷರದಿಂದ ಶುರುವಾಗುವ, ಈಗ ನನ್ನದೂ ಆಗಿರುವ ಕಟ್ಟಕಡೆಯ ಹೆಸರು ಓದಲು ನಾನು ಬೆರಳು ಇಳಿಸಲಿಲ್ಲ. ಆ ವರ್ಷವಿಡೀ ಅವನು ನನ್ನ ಹಿಂದಿನ ಸೀಟಿನಲ್ಲಿ ಕೂತು, ನನ್ನ ಜಡೆಗೆ ಪೆನ್ಸಿಲ್ ಸಿಕ್ಕಿಸುತ್ತಿದ್ದ. ಶಾಲೆಯ ಪ್ರತಿ ಕೋಣೆಯ ಕೀಲಿ ಅವನ ಬಳಿ ಇದೆ. ಬಂದುಹೋಗುವವರ ಪುಸ್ತಕದಲ್ಲಿ ಅವನು ಸಹಿ ಹಾಕಬೇಕಿಲ್ಲ.

ಅಲ್ಲ, ಇರಲಾರದು ಅಂದುಕೊಂಡೆ. ಅವನು ಬೆಲೆಯನ್ನು ಯಾರಿಗಾದರೂ ಹೇಳಿರಬಹುದು. ಯಾರೋ ಕೇಳಿ ಬರೆದಿರಬಹುದು.

ಪುಟದ ಫೋಟೋ ತೆಗೆದು ಷರೀಫರಿಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಅದಕ್ಕೆ ಮೊದಲು ಹೆಂಡತಿಯಾಗಿ ಒಂದೇ ಒಂದು ಪ್ರಶ್ನೆ ಕೇಳುವ ಹಕ್ಕು ನನಗಿದೆ ಅನ್ನಿಸಿತು. ಕಡತವನ್ನು ಕಾರಿನ ಸೀಟಿನ ಮೇಲಿಟ್ಟು ಮನೆಗೆ ಹೊರಟೆ.

*

ಲೈಲ್ ಊಟಕ್ಕೆ ಬಂದಿದ್ದ. ಒಲೆಯ ಮೇಲೆ ಮಾಂಸ, ಬೀನ್ಸು ಹಾಕಿದ ಚಿಲಿ ಸಾರು ಕುದಿಯುತ್ತಿತ್ತು. ಮೇಜಿನ ಮೇಲೆ ಎರಡು ಬಟ್ಟಲು, ಎರಡು ದಾಲ್ಚಿನ್ನಿ ರೋಲು. ಹನ್ನೆರಡೂ ಐವತ್ತು.

"ಬಾ, ಬಾ. ಕೋರ್ಟಿಗೆ ಹಸ್ಕೊಂಡು ಹೋಗ್ಬೇಡ," ಎಂದ. "ಡುವೇನ್ ಒಪ್ಕೊಂಡ್ನಾ?"

"ಇಲ್ಲ."

"ಒಪ್ಕೊಂಡ್ರೆ ಅವನಿಗೇ ಒಳ್ಳೇದು. ಪಾಪ."

ಅವನು ನನ್ನ ಬಟ್ಟಲಿಗೆ ಬಡಿಸಿದ. ನನಗೆ ಇಷ್ಟವೆಂದು ಮೇಲೆ ಚೀಸ್ ಉದುರಿಸಿದ. ಇಪ್ಪತ್ತು ವರ್ಷ ನೋಡಿದ ಕೈ. ಅದನ್ನೇ ನೋಡುತ್ತ ನನಗೆ ಅಳು ಬರುವಂತಾಯಿತು. ಒಂಬೈನೂರು ಅನ್ನು ಲೈಲ್, ನಗುತ್ತಾ ಒಂಬೈನೂರು ಅನ್ನು, ಯಾರಿಗೆ ಹೇಳಿದ್ದೆ ಅಂತಲೂ ಹೇಳು, ನಾನು ನಂಬುತ್ತೇನೆ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಲೈಲ್, ಹ್ರುಸ್ಕಾ ಟೀಚರ್ ಆ ಪಿಕಪ್‌ಗೆ ಎಷ್ಟು ಕೊಟ್ಟಿದ್ರು?"

ಈ ಊರಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಒಂದು ಉಸಿರಿನಷ್ಟೂ ಕಾಯಬೇಕಿಲ್ಲ. ಪ್ರಿನ್ಸಿಪಾಲನೂ ಕಾಯಲಿಲ್ಲ, ನಾರ್ಮಾಳೂ ಕಾಯಲಿಲ್ಲ.

ಲೈಲ್ ಸೌಟನ್ನು ಪಾತ್ರೆಯ ಅಂಚಿಗೆ ಬಡಿದು, ಮೆಲ್ಲಗೆ ಕೆಳಗಿಟ್ಟ.

"ಯಾವ ಪಿಕಪ್?"

ನಾನು ತೋರಿಸಲೆಂದು ಕಿಟಕಿಯ ಕಡೆ ತಿರುಗಿದೆ. ಉಪ್ಪಿನ ಡಬ್ಬಿ ಇತ್ತು. ಅದರ ಪಕ್ಕ ಬೆರಳುದ್ದದಷ್ಟು, ಧೂಳು ಕೂರದ ಒಂದು ಜಾಗ ಇತ್ತು. ಬೆಳಿಗ್ಗೆ ಏಳಕ್ಕೆ ನಾನು ಕಾಫಿ ಬಗ್ಗಿಸಿಕೊಳ್ಳುವಾಗ ಆಟಿಕೆ ಅಲ್ಲೇ ನಿಂತಿತ್ತು.

ಒಂಬತ್ತೂಕಾಲಕ್ಕೆ ಟೆಸ್ ಮತ್ತು ನಾನು ಮಾತಾಡಿದ್ದೆವು. ಕರೆಯಲ್ಲಿ ಇದ್ದವರು ಮೂವರು.

ಲೈಲ್ ಕೈ ಒರೆಸಿಕೊಂಡು ನನ್ನ ಮುಂದೆ ಬಂದು ಅಂಗೈ ಚಾಚಿದ. ಮುಖದಲ್ಲಿ ದಿನನಿತ್ಯದ ನಗುವೇ ಇತ್ತು.

"ನಿನ್ನ ಕಾರಿನ ಕೀ ಕೊಡು ಕಣೇ. ನನ್ನ ಗಾಡಿಗೆ ಅಡ್ಡ ನಿಲ್ಲಿಸಿದ್ದೀಯ."

ಕಡತವಿದ್ದ ಕಾರನ್ನು ನಾನು ನಿಲ್ಲಿಸಿದ್ದು ರಸ್ತೆಯ ಆಚೆ ಬದಿಯಲ್ಲಿ.